ಪ್ರೊಜೆಕ್ಟರ್ ಬಂತು, ಮಾನದಂಡವೂ ಬಂತು. ಪಾಠಕ್ಕೆ ಎಲ್ಲಿಂದ ಸೇರಿಸಲಿ?

ಪ್ರಶ್ನೆ: ನಾನು ಹಿರಿಯೂರು ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿ. 10ನೇ ತರಗತಿಯಲ್ಲಿ 48 ಮಕ್ಕಳಿದ್ದಾರೆ. ಶಾಲೆಗೆ ಒಂದೇ ಪ್ರೊಜೆಕ್ಟರ್. ಲ್ಯಾಬ್‌ನಲ್ಲಿ 12 ಕಂಪ್ಯೂಟರ್ ಇವೆ, 8 ಕೆಲಸ ಮಾಡುತ್ತವೆ. ಈಚೆಗೆ ಒಂದು ತರಬೇತಿಯಲ್ಲಿ ಐಎಸ್‌ಟಿಇ ಮಾನದಂಡ, ಯುನೆಸ್ಕೋ ಚೌಕಟ್ಟು ಎಂದೆಲ್ಲ ಹೇಳಿದರು. ಪಾಠ ಯೋಜನೆಯಲ್ಲಿ 'ತಂತ್ರಜ್ಞಾನ ಮಾನದಂಡ' ಎಂಬ ಕಾಲಂ ಸೇರಿಸಿ ಎಂದರು. ಅಲ್ಲಿ ಏನು ಬರೆಯುವುದು? 40 ನಿಮಿಷದಲ್ಲಿ ಪಾಠ ಮುಗಿಸುವುದೇ ಕಷ್ಟ. ಇದರಿಂದ ಮಕ್ಕಳ ಅಂಕ ಜಾಸ್ತಿ ಆಗುತ್ತದೆಯೇ? ಮಕ್ಕಳ ಫೋಟೊ, ವಿಡಿಯೊಗಳನ್ನು ಗ್ರೂಪಿಗೆ ಹಾಕುವಾಗ ಏನು ಎಚ್ಚರ ಬೇಕು?

ಉತ್ತರ: ಮೇಡಂ, ಕಾಲಂ ವಿಷಯ ಕೊನೆಗೆ ನೋಡೋಣ. ಅದು ಎಲ್ಲಕ್ಕಿಂತ ಸುಲಭದ್ದು. ಮೊದಲು ಈ ಮಾನದಂಡಗಳು ನಿಜಕ್ಕೂ ಏನು ಕೇಳುತ್ತವೆ ಎಂದು ನೋಡೋಣ. ನಾನು ಡಯಟ್‌ನಲ್ಲಿ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ, ತರಬೇತಿ ಕೊಡುತ್ತಿದ್ದ ಕಾಲದಲ್ಲಿ ಇದೇ ವಿಷಯದಲ್ಲಿ ಹಲವು ವರ್ಷ ತಪ್ಪು ಮಾಡಿದವನು. ಮಾನದಂಡ ಎಂದರೆ ಶಿಕ್ಷಕರಿಗೆ ಪವರ್‌ಪಾಯಿಂಟ್ ಕಲಿಸುವುದು ಎಂದುಕೊಂಡಿದ್ದೆ. ಸ್ಲೈಡ್ ಹಾರಿ ಬಂದು ಕೂತರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಐಎಸ್‌ಟಿಇ ಎಂಬುದು ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆಗಾಗಿ ಇರುವ ಅಮೆರಿಕದ ಸಂಸ್ಥೆ. ವಿದ್ಯಾರ್ಥಿಗಳಿಗಾಗಿ ಅದು ಮೊದಲ ಮಾನದಂಡ ತಂದದ್ದು 1998ರಲ್ಲಿ. ಅದರ ಪಟ್ಟಿಯಲ್ಲಿ ಮೊದಲನೆಯದು ಯಂತ್ರ ನಡೆಸುವ ಮೂಲ ತಿಳಿವಳಿಕೆ. 2007ರಲ್ಲಿ ಅದೇ ಪಟ್ಟಿಯನ್ನು ತಿದ್ದಿದರು. ಯಂತ್ರ ನಡೆಸುವ ಅಂಶ ಆರನೆಯ ಸ್ಥಾನಕ್ಕೆ, ಅಂದರೆ ಕಟ್ಟಕಡೆಗೆ ಹೋಯಿತು. 2016ರಲ್ಲಿ ಮತ್ತೆ ತಿದ್ದಿದಾಗ ಅದಕ್ಕೆ ಪ್ರತ್ಯೇಕ ಶೀರ್ಷಿಕೆಯೇ ಉಳಿಯಲಿಲ್ಲ. ಈಗಿರುವ ಏಳು ಶೀರ್ಷಿಕೆಗಳೂ ಮಗುವಿನ ಬಗ್ಗೆ ಇವೆ. ತನ್ನ ಕಲಿಕೆಯನ್ನು ತಾನೇ ನಡೆಸುವ ಮಗು, ಡಿಜಿಟಲ್ ಲೋಕದಲ್ಲಿ ಜವಾಬ್ದಾರಿಯಿಂದ ನಡೆದುಕೊಳ್ಳುವ ಮಗು, ಮಾಹಿತಿ ಹುಡುಕಿ ತೂಗಿ ಅರಿವು ಕಟ್ಟಿಕೊಳ್ಳುವ ಮಗು, ಹೀಗೆ ಸಾಗುತ್ತದೆ. ಹದಿನೆಂಟು ವರ್ಷಗಳಲ್ಲಿ ಕೀಬೋರ್ಡ್ ಹಿಂದೆ ಸರಿದು ಮಗು ಮುಂದೆ ಬಂದಿದೆ. ನಮ್ಮ ಎಷ್ಟೋ ತರಬೇತಿಗಳು ಮಾತ್ರ ಇನ್ನೂ 1998ರಲ್ಲೇ ಇವೆ.

ಯುನೆಸ್ಕೋ ಚೌಕಟ್ಟು ಶಿಕ್ಷಕರದ್ದು. 2008ರಲ್ಲಿ ಬಂತು, 2011ರಲ್ಲಿ ತಿದ್ದುಪಡಿ ಆಯಿತು, ಮೂರನೆಯ ರೂಪ 2018ರದ್ದು. ಅದರಲ್ಲಿ 18 ಸಾಮರ್ಥ್ಯಗಳಿವೆ. ಸಂಖ್ಯೆ ನೋಡಿ ಹೆದರಬೇಡಿ. ಪಠ್ಯಕ್ರಮ ಮತ್ತು ಮೌಲ್ಯಮಾಪನ, ಬೋಧನೆಯ ವಿಧಾನ, ಶಾಲೆಯ ಆಡಳಿತದಂಥ ಆರು ಅಂಶಗಳು, ಪ್ರತಿಯೊಂದಕ್ಕೂ ಮೂರು ಹಂತ. ಆರು ಮೂರಲೆ ಹದಿನೆಂಟು, ಅಷ್ಟೇ. ನಮ್ಮ ದೇಶದ್ದೇ ಆದ ಶಾಲಾ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ನೀತಿ 2012ರಲ್ಲಿ ಬಂದಿದೆ. ಆಮೇಲೆ ಎನ್‌ಸಿಇಆರ್‌ಟಿ ಮಕ್ಕಳಿಗೂ ಶಿಕ್ಷಕರಿಗೂ ಬೇರೆಬೇರೆ ಐಸಿಟಿ ಪಠ್ಯಕ್ರಮ ರೂಪಿಸಿದೆ. ಇವೆಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ.

ನಾನು ಮಾಡುವುದು ಒಂದೇ ಕೆಲಸ. ಯಾವ ಮಾನದಂಡ ಕೈಗೆ ಬಂದರೂ ಅದರಲ್ಲಿನ ಕ್ರಿಯಾಪದ ಹುಡುಕುತ್ತೇನೆ. ಸಂಗ್ರಹಿಸುವುದು, ಹೋಲಿಸುವುದು, ಪರೀಕ್ಷಿಸಿ ನೋಡುವುದು, ತಿದ್ದುವುದು, ವಿವರಿಸುವುದು. ಇವನ್ನು ಯಾರು ಮಾಡಬೇಕು? ಮಗು. ಈಗ ನಿಮ್ಮ ಸ್ಮಾರ್ಟ್ ಕ್ಲಾಸಿನ ಒಂದು ಪಿರಿಯಡ್ ನೆನಪಿಸಿಕೊಳ್ಳಿ. ಅಲ್ಲಿ ಮಗುವಿನ ಕ್ರಿಯಾಪದ ಏನು? ಬಹುಪಾಲು 'ನೋಡುವುದು' ಮಾತ್ರ, ಅಲ್ವಾ? ನೋಡಿದ್ದು ತಪ್ಪಲ್ಲ. ಆದರೆ ಬರೀ ನೋಡುವುದಕ್ಕೆ ಯಾವ ಮಾನದಂಡವೂ ಬೇಕಿಲ್ಲ.

ಹಾಗಾದರೆ ಪಾಠದಲ್ಲಿ ಎಲ್ಲಿ ಸೇರಿಸುವುದು? ಮಾನದಂಡದಿಂದ ಹೊರಡಬೇಡಿ. ನಿಮ್ಮ ಮಕ್ಕಳು ಪ್ರತಿ ವರ್ಷ ಎಡವುವ ಒಂದು ಜಾಗದಿಂದ ಹೊರಡಿ. ನೀವು ಭೌತಶಾಸ್ತ್ರ ಮಾಡುವವರು. ಹಾಗಾಗಿ 10ನೇ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳೋಣ. ನನಗೆ ಇಷ್ಟವಾದ ಪಾಠ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬೋರ್ಡಿನ ಮೇಲೆ ಒಂದು ಬ್ಯಾಟರಿ, ಸರಣಿಯಲ್ಲಿ ಎರಡು ಬಲ್ಬು ಬರೆಯಿರಿ. ಮೊದಲ ಬಲ್ಬಿಗಿಂತ ಮುಂಚೆ, ಎರಡರ ನಡುವೆ, ಎರಡನೆಯದರ ಆಚೆ, ಮೂರು ಕಡೆ ಅಮ್ಮೀಟರ್ ಇಟ್ಟರೆ ಎಷ್ಟೆಷ್ಟು ತೋರಿಸುತ್ತದೆ ಎಂದು ಕೇಳಿ. ಸುಮಾರು ಮಕ್ಕಳು ಮುಂದೆ ಹೋದ ಹಾಗೆ ಕಡಿಮೆಯಾಗುತ್ತದೆ ಎಂದೇ ಬರೆಯುತ್ತಾರೆ. 'ಮೊದಲನೇ ಬಲ್ಬು ಸ್ವಲ್ಪ ಕರೆಂಟ್ ತಿನ್ನುತ್ತೆ ಸರ್' ಎಂದು ಒಬ್ಬ ಹುಡುಗ ನನಗೆ ಹೇಳಿದ್ದ. ಇದು ಪ್ರಪಂಚದ ಎಲ್ಲ ಕಡೆಯ ಮಕ್ಕಳೂ ಮಾಡುವ ತಪ್ಪು. ಆದರೆ ಕನ್ನಡದ ಮಕ್ಕಳಿಗೆ ಅದರ ಜೊತೆ ಇನ್ನೊಂದು ತೊಡಕಿದೆ. ನಮ್ಮ ಮನೆಮಾತಿನಲ್ಲಿ 'ಕರೆಂಟ್' ಎಂದರೆ ವಿದ್ಯುತ್ ಪ್ರವಾಹವೇ ಅಲ್ಲ. ಕರೆಂಟ್ ಹೋಯ್ತು, ಕರೆಂಟ್ ಬಿಲ್ ಬಂತು, ಪಂಪ್‌ಸೆಟ್ಟು ಜಾಸ್ತಿ ಕರೆಂಟ್ ತಿನ್ನುತ್ತೆ. ಇಲ್ಲೆಲ್ಲ ಕರೆಂಟ್ ಎಂದರೆ ಶಕ್ತಿ, ಇಲ್ಲವೇ ಸರಬರಾಜು. ಶಕ್ತಿ ಖರ್ಚಾಗುವುದು ನಿಜ. ಪ್ರವಾಹ ಖರ್ಚಾಗುವುದಿಲ್ಲ. ಪುಸ್ತಕದಲ್ಲಿ 'ವಿದ್ಯುತ್ ಪ್ರವಾಹ' ಎಂದು ಓದಿದ ಮಗು ತಲೆಯೊಳಗೆ ಅದನ್ನು ಕರೆಂಟ್ ಎಂದೇ ಅನುವಾದಿಸಿಕೊಳ್ಳುತ್ತದೆ. ತಪ್ಪು ಅಲ್ಲಿಂದಲೇ ಒಳಗೆ ಬರುತ್ತದೆ. ಯಾವ ಆ್ಯಪ್ ಕೂಡ ಇದನ್ನು ನಿಮಗೆ ಹೇಳಿಕೊಡುವುದಿಲ್ಲ. ನಿಮ್ಮ ಭಾಷೆ, ನಿಮ್ಮ ಮಕ್ಕಳು ನಿಮಗೇ ಗೊತ್ತು.

'ಟಾರ್ಚ್ ಬಲ್ಬು, ಶೆಲ್ಲು, ವೈರು ಇಟ್ಟು ಮಾಡಿದರಾಯಿತು, ಕಂಪ್ಯೂಟರ್ ಯಾಕೆ' ಎಂದು ಕೇಳಬಹುದು. ಮಾಡಿ, ಖಂಡಿತ ಅದನ್ನೇ ಮೊದಲು ಮಾಡಿ. ಆದರೆ ಒಂದು ಎಡವಟ್ಟು ಕಾದಿರುತ್ತದೆ. ಪೇಟೆಯಲ್ಲಿ ತಂದ ಎರಡು ಟಾರ್ಚ್ ಬಲ್ಬುಗಳು ಪೂರ್ತಿ ಒಂದೇ ಥರ ಇರುವುದಿಲ್ಲ. ಒಂದು ಕೊಂಚ ಜೋರಾಗಿ ಉರಿಯುತ್ತದೆ. ಅದು ಬ್ಯಾಟರಿಯ ಪಕ್ಕದ್ದೇ ಆಗಿಬಿಟ್ಟರೆ ಕಥೆ ಮುಗಿಯಿತು. 'ನೋಡಿ, ಹೇಳಿದ್ನಲ್ಲಾ' ಎಂದು ಹುಡುಗ ಗೆದ್ದ ಮುಖ ಮಾಡುತ್ತಾನೆ. ನಿಜವಾದ ಪ್ರಯೋಗವೇ ತಪ್ಪು ಕಲ್ಪನೆಗೆ ಸಾಕ್ಷಿ ಹೇಳಿಬಿಡುತ್ತದೆ. ಬಲ್ಬುಗಳ ಜಾಗ ಅದಲುಬದಲು ಮಾಡಿ ತೋರಿಸಬಹುದು. ಆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಎರಡು ಬಲ್ಬು ಬೇಕೆಂದರೆ ಸಿಮ್ಯುಲೇಷನ್ನೇ, ಅಂದರೆ ಕಂಪ್ಯೂಟರಿನ ಪರದೆಯ ಮೇಲೆ ಮಾಡುವ ಅಣಕು ಪ್ರಯೋಗವೇ ಸರಿ. ತಂತ್ರಜ್ಞಾನ ಬೇಕಾಗುವುದು ಇಂಥ ಕಡೆ. ಕೈಯಲ್ಲಿ ಮಾಡಲಾಗದ್ದು, ಕಣ್ಣಿಗೆ ಕಾಣದ್ದು, ಮತ್ತೆ ಮತ್ತೆ ಮಾಡಿ ನೋಡಬೇಕಾದದ್ದು ಎದುರಾದಾಗ.

ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳ ಹೆಸರು ಕೇಳಿರುತ್ತೀರಿ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ ಅದು. ಎಲ್ಲವೂ ಉಚಿತ, ಹಲವಕ್ಕೆ ಕನ್ನಡ ರೂಪವೂ ಇದೆ. ಒಂದೊಂದು ಸಿಮ್ಯುಲೇಷನ್ನೂ ಒಂದೊಂದು ಫೈಲ್. ಮನೆಯಲ್ಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ದರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ನೇರ ವಿದ್ಯುತ್ ಮಂಡಲ ಕಟ್ಟುವ ಕಿಟ್ ಇದೆ. ಬ್ಯಾಟರಿ 9 ವೋಲ್ಟ್, ಬಲ್ಬು 10 ಓಮ್ ಎಂದು ಮೊದಲೇ ಇಟ್ಟಿರುತ್ತಾರೆ. ಒಂದೇ ಬಲ್ಬು ಹಾಕಿದರೆ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಸರಣಿಯಲ್ಲಿ ಎರಡು ಹಾಕಿದರೆ 0.45, ಮೂರು ಕಡೆಯೂ ಅಷ್ಟೇ. ಸಮಾಂತರದಲ್ಲಿ ಹಾಕಿದರೆ ಒಂದೊಂದು ಕವಲಿನಲ್ಲಿ 0.90, ಬ್ಯಾಟರಿಯ ಬಳಿ 1.80.

ಈಗ ಮುಖ್ಯ ಮಾತು. ಈ ಸಂಖ್ಯೆಗಳನ್ನು ನೀವು ತೋರಿಸಿಬಿಟ್ಟರೆ ಅದು ಇನ್ನೊಂದು ವಿಡಿಯೊ ಆಗುತ್ತದೆ. ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನು ನೋಟ್‌ಬುಕ್‌ನಲ್ಲಿ ಪೆನ್ನಿನಲ್ಲಿ ಬರೆಯಬೇಕು. ಪೆನ್ಸಿಲ್ ಬೇಡ, ಅಳಿಸಿಬಿಡುತ್ತಾರೆ. ಪಕ್ಕದವರು ಅದಕ್ಕೆ ಸಹಿ ಹಾಕಲಿ. ಆಮೇಲೆ ಒಬ್ಬರು ಬಂದು ಅಳೆದು ತೋರಿಸಲಿ. ಕೊನೆಗೆ ಊಹೆಗೂ ಅಳತೆಗೂ ಯಾಕೆ ವ್ಯತ್ಯಾಸ ಬಂತು ಎಂದು ಎರಡೇ ಸಾಲು ಬರೆಯಲಿ. ಊಹಿಸು, ನೋಡು, ವಿವರಿಸು ಎಂಬ ಈ ಕ್ರಮ ಹೊಸದೇನಲ್ಲ, ವಿಜ್ಞಾನ ಬೋಧನೆಯಲ್ಲಿ ದಶಕಗಳಿಂದ ಇದೆ. ಒಂದೇ ಪ್ರೊಜೆಕ್ಟರ್ ಇದ್ದರೂ 48 ಮಕ್ಕಳೂ ಕೆಲಸ ಮಾಡಿದ ಹಾಗಾಯಿತು. ಸಮಯದ ಲೆಕ್ಕ ಕೇಳಿದಿರಿ. ನಾನು ಮಾಡಿಸಿದಾಗ ಊಹೆಗೆ ಐದು ನಿಮಿಷ, ಅಳತೆಗೆ ಹದಿನೈದು, ಬರೆಯಲು ಹತ್ತು ನಿಮಿಷ ಹಿಡಿಯಿತು. ಉಳಿದ ಹತ್ತು ನಿಮಿಷ ಜಗಳಕ್ಕೆ. ಜಗಳ ಬೇಕು, ಅದಕ್ಕೆ ಜಾಗ ಬಿಡಿ.

ಸಿಮ್ಯುಲೇಷನ್ ಕೂಡ ಸುಳ್ಳು ಹೇಳುತ್ತದೆ ಎಂಬುದು ನೆನಪಿರಲಿ. ಅಲ್ಲಿ ಎಲೆಕ್ಟ್ರಾನುಗಳು ನೀಲಿ ಚುಕ್ಕಿಗಳಾಗಿ ಮೆರವಣಿಗೆ ಹೋಗುವುದು ಕಾಣುತ್ತದೆ. ಮಾಮೂಲಿ ತಂತಿಯಲ್ಲಿ ಎಲೆಕ್ಟ್ರಾನುಗಳು ಮುಂದೆ ಸರಿಯುವ ಸರಾಸರಿ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ, ಆಮೆಗೂ ನಾಚಿಕೆಯಾಗಬೇಕು. ಇನ್ನೊಂದು ತೊಡಕು ದಿಕ್ಕಿನದು. ಪುಸ್ತಕದಲ್ಲಿ ಪ್ರವಾಹದ ದಿಕ್ಕು ಧನ ತುದಿಯಿಂದ ಋಣ ತುದಿಗೆ. ಎಲೆಕ್ಟ್ರಾನು ಹೋಗುವುದು ಅದಕ್ಕೆ ಎದುರು. ಮಕ್ಕಳು ಗಲಿಬಿಲಿಯಾಗುತ್ತಾರೆ. ಪರದೆಯಲ್ಲಿ ಒಂದು ಆಯ್ಕೆ ಒತ್ತಿದರೆ ಪುಸ್ತಕದ ದಿಕ್ಕಿಗೇ ಬಾಣ ತೋರಿಸಬಹುದು. ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಮೂರನೆಯದು, ಅಲ್ಲಿನ ಬ್ಯಾಟರಿಗೆ ಒಳರೋಧ ಸೊನ್ನೆ. ವಿಜ್ಞಾನ ಕೊಠಡಿಯ ಅಲ್ಮೆರಾದಿಂದ ನಿಜವಾದ ಅಮ್ಮೀಟರ್ ತೆಗೆದು ಹಳೆಯ ಶೆಲ್ಲಿಗೆ ಜೋಡಿಸಿದರೆ ಲೆಕ್ಕದ ಸಂಖ್ಯೆ ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಮಕ್ಕಳನ್ನೇ ಕೇಳಿ. ಆ ಪ್ರಶ್ನೆಗೆ ಇನ್ನೊಂದು ಪಿರಿಯಡ್ ಕೊಟ್ಟರೂ ನಷ್ಟವಿಲ್ಲ.

ಇಷ್ಟು ಮಾಡಿದರೆ ಯಾವ ಮಾನದಂಡ ಮುಟ್ಟಿದಂತಾಯಿತು? ಐಎಸ್‌ಟಿಇ ಪಟ್ಟಿಯಲ್ಲಿ ಗಣನಾತ್ಮಕ ಚಿಂತನೆ ಎಂಬ ಶೀರ್ಷಿಕೆಯ ಕೆಳಗೆ ದತ್ತಾಂಶ ಸಂಗ್ರಹಿಸಿ, ಡಿಜಿಟಲ್ ಸಾಧನದಿಂದ ವಿಶ್ಲೇಷಿಸಿ, ಬೇರೆಬೇರೆ ರೂಪದಲ್ಲಿ ತೋರಿಸುವುದು ಎಂಬರ್ಥದ ಅಂಶವಿದೆ. ಬ್ಯಾಟರಿಯ ವೋಲ್ಟೇಜನ್ನು ಎರಡೆರಡು ಏರಿಸುತ್ತಾ ಪ್ರವಾಹ ಅಳೆದು, ಲ್ಯಾಬ್‌ನಲ್ಲಿ ಸ್ಪ್ರೆಡ್‌ಶೀಟ್‌ಗೆ ಹಾಕಿ ನಕ್ಷೆ ಎಳೆದರೆ ಅದೇ ಆಯಿತು. ಓಮ್‌ನ ನಿಯಮವೂ ಆಯಿತು. ಮಾನದಂಡ ಪಾಠದ ಮೇಲೆ ಹೊರೆಯಾಗಿ ಕೂರಲಿಲ್ಲ, ಪಾಠದ ಒಳಗೇ ಇತ್ತು.

ಲ್ಯಾಬ್ ಎಂದಾಗ ಎಂಟು ಕಂಪ್ಯೂಟರಿನ ಪ್ರಶ್ನೆ ಬರುತ್ತದೆ. 48 ಮಕ್ಕಳು, ಒಂದಕ್ಕೆ ಆರು ಜನ. ಆರು ಜನ ಕೂತರೆ ಏನಾಗುತ್ತದೆ ಗೊತ್ತೇ? ಮೌಸ್ ಹಿಡಿದವನೇ ರಾಜ. ಉಳಿದವರು ಪ್ರೇಕ್ಷಕರು. ಹುಡುಗ ಹುಡುಗಿಯರು ಒಟ್ಟಿಗೆ ಕೂತ ಗುಂಪುಗಳಲ್ಲಿ ಮೌಸ್ ಯಾರ ಕೈಯಲ್ಲಿತ್ತು ಎಂದು ನೀವೇ ಒಮ್ಮೆ ನಿಂತು ಎಣಿಸಿ. ನಾನು ಎಣಿಸಿದಾಗಲೆಲ್ಲ ಬೇಸರವಾಗಿದೆ. ಅರ್ಧ ತರಗತಿಯನ್ನು ಲ್ಯಾಬಿಗೆ, ಅರ್ಧವನ್ನು ನಿಜವಾದ ಬಲ್ಬು ತಂತಿಗೆ ಕೂರಿಸಿ, ಮರುದಿನ ಅದಲುಬದಲು ಮಾಡಿ. ಒಂದು ಕಂಪ್ಯೂಟರಿಗೆ ಮೂವರು ಬಂದರು. ಅದಕ್ಕೊಂದು ನಿಯಮ ಮಾಡಿ. ಮೌಸ್ ಹಿಡಿದವರು ಏನನ್ನೂ ತೀರ್ಮಾನಿಸುವ ಹಾಗಿಲ್ಲ, ಪಕ್ಕದವರು ಹೇಳಿದ್ದನ್ನು ಮಾತ್ರ ಮಾಡಬೇಕು. ಮೂರನೆಯವರು ಬರೆಯಬೇಕು. ಐದು ನಿಮಿಷಕ್ಕೊಮ್ಮೆ ಜಾಗ ಬದಲು. ಮೊದಲ ದಿನ ಗಲಾಟೆ ಆಗುತ್ತದೆ, ಮೂರನೆಯ ದಿನಕ್ಕೆ ತಾವೇ ಸರಿಯಾಗುತ್ತಾರೆ.

ಕೆಟ್ಟ ನಾಲ್ಕು ಕಂಪ್ಯೂಟರಿನ ಬಗ್ಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬರಹದಲ್ಲೇ ಕೇಳಿ. ಯುಪಿಎಸ್ ಬ್ಯಾಟರಿ ಸತ್ತಿದೆಯೇ ಎಂದು ಮೊದಲು ನೋಡಿ, ಎಷ್ಟೋ ಸಲ ಅಲ್ಲೇ ಇರುತ್ತದೆ ರೋಗ.

ಫಾಂಟಿನ ಬಗ್ಗೆ ಒಂದು ಮಾತು. ವರ್ಷಗಳ ಹಿಂದೆ ಒಂದು ಶಾಲೆಗೆ ಮಾದರಿ ಪಾಠ ಮಾಡಲು ಹೋಗಿದ್ದೆ. ರಾತ್ರಿ ಎರಡರವರೆಗೆ ಕೂತು ಸ್ಲೈಡ್ ಮಾಡಿದ್ದೆ. ಅಲ್ಲಿ ತೆರೆದರೆ ಅಕ್ಷರಗಳ ಬದಲು ಚಿತ್ತಾರ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ, ಆ ಫಾಂಟು ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಹಿಂದಿನ ಬೆಂಚಿನಿಂದ 'ಚೈನೀಸಾ ಸರ್?' ಎಂಬ ಪ್ರಶ್ನೆ ಬಂತು. ಚಾಕ್‌ಪೀಸ್ ಕೈಗೆ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಆ ದಿನದ ಪಾಠ ಚೆನ್ನಾಗಿಯೇ ಆಯಿತು. ನೀವು ಮಾತ್ರ ಕನ್ನಡದಲ್ಲಿ ಏನೇ ಟೈಪ್ ಮಾಡಿದರೂ ಯುನಿಕೋಡ್‌ನಲ್ಲೇ ಮಾಡಿ. ಮಕ್ಕಳು ಹುಡುಕಿದರೆ ಸಿಗಬೇಕು, ಮೊಬೈಲಿನಲ್ಲಿ ತೆರೆದರೆ ಓದಲು ಬರಬೇಕು.

ಇನ್ನೊಂದು ಉದಾಹರಣೆ ನಿಮ್ಮ ಊರಿನದೇ ಕೊಡುತ್ತೇನೆ. ನಿಮ್ಮ ಸಮಾಜ ವಿಜ್ಞಾನದ ಸಹೋದ್ಯೋಗಿಯನ್ನೂ ಜೊತೆಗೆ ಸೇರಿಸಿಕೊಳ್ಳಿ. 'ಕಟ್ಟಿದಾಗಿನಿಂದ ಮಾರಿಕಣಿವೆ ಕೋಡಿ ಬಿದ್ದದ್ದು ಇದೇ ಮೊದಲು' ಎಂದು ಒಂದು ವಾಟ್ಸಾಪ್ ಸಂದೇಶ ಬಂತು ಎಂದುಕೊಳ್ಳಿ. ಕೆಳಗೆ ನೀರು ಧುಮುಕುವ ಒಂದು ವಿಡಿಯೊ. ನಿಜವೋ ಸುಳ್ಳೋ? ಈ ಪ್ರಶ್ನೆಯನ್ನು ಮಕ್ಕಳಿಗೆ ಬಿಡಿ. ಮೂಲಗಳು ಊರಲ್ಲೇ ಇವೆ. ಮಾರಿಕಣಿವೆ, ಅಂದರೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು, 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಅಲ್ಲಿಗೆ ಸಂದೇಶದ ಮಾತು ಸುಳ್ಳೆಂದಾಯಿತು. ವಿಡಿಯೊ ನಮ್ಮ ಅಣೆಕಟ್ಟಿನದೇ ಅಥವಾ ಬೇರೆ ಯಾವುದೋ ರಾಜ್ಯದ್ದೇ ಎಂದು ನೋಡಲು ಒಂದು ಚಿತ್ರ ಹಿಡಿದು ಗೂಗಲ್ ಲೆನ್ಸ್‌ನಲ್ಲಿ ಹುಡುಕಬಹುದು. ಅದಕ್ಕಿಂತ ಚೆಂದದ ಸಾಕ್ಷಿ ಬೇರೆ ಇದೆ. ಎಷ್ಟೋ ಮಕ್ಕಳು ಕೋಡಿ ಬಿದ್ದದ್ದನ್ನು ಸ್ವತಃ ಹೋಗಿ ನೋಡಿದ್ದಾರೆ. ಕಟ್ಟೆಯ ಆಕಾರ ಅವರಿಗೆ ಗೊತ್ತು.

ಮಾಹಿತಿ ತೂಗುವುದನ್ನು ಕಲಿಸುವಾಗ 'ಜಾಲತಾಣ ಚೆನ್ನಾಗಿದೆಯೇ, ಕಾಗುಣಿತ ಸರಿಯಿದೆಯೇ, ಕೆಳಗೆ ಹೆಸರಿದೆಯೇ' ಎಂದು ಒಂದೇ ಪುಟವನ್ನು ತಿರುಗಿಸಿ ಮುರುಗಿಸಿ ನೋಡಲು ಹೇಳುತ್ತೇವೆ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಇತಿಹಾಸಕಾರರು, ಕಾಲೇಜು ವಿದ್ಯಾರ್ಥಿಗಳು, ವೃತ್ತಿಪರ ಸತ್ಯಶೋಧಕರು, ಒಟ್ಟು 45 ಜನರಿಗೆ ಜಾಲತಾಣಗಳನ್ನು ಕೊಟ್ಟರು. ದೊಡ್ಡ ದೊಡ್ಡ ವಿದ್ವಾಂಸರೂ ಪುಟದ ಚೆಂದಕ್ಕೆ ಮೋಸಹೋದರು. ಸತ್ಯಶೋಧಕರು ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಬೇರೆ ಟ್ಯಾಬ್ ತೆರೆದು, ಇವರ ಬಗ್ಗೆ ಉಳಿದವರು ಏನನ್ನುತ್ತಾರೆ ಎಂದು ನೋಡಿದರು. ನಮ್ಮವರಿಗೆ ಇದು ಹೊಸದಲ್ಲ. ಗಂಡು ನೋಡಲು ಹೋದವರು ಗಂಡಿನ ಮನೆಯ ಉಪ್ಪಿಟ್ಟು ತಿಂದು ತೀರ್ಮಾನಿಸುತ್ತಾರೆಯೇ? ಹೊರಗೆ ಬಂದು ಅಕ್ಕಪಕ್ಕದ ಮನೆಯಲ್ಲಿ, ಬೀದಿ ಕೊನೆಯ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಮಕ್ಕಳಿಗೆ ಹೀಗೇ ಹೇಳಿ, ತಕ್ಷಣ ಹಿಡಿದುಕೊಳ್ಳುತ್ತಾರೆ.

ಈಗ ಎಐ ಕೂಡ ಬಂದಿದೆ. 2024ರಲ್ಲಿ ಯುನೆಸ್ಕೋ ಮಕ್ಕಳಿಗೂ ಶಿಕ್ಷಕರಿಗೂ ಎಐ ಸಾಮರ್ಥ್ಯದ ಚೌಕಟ್ಟುಗಳನ್ನೇ ಹೊರತಂದಿತು. ನೀವು ಅದನ್ನೆಲ್ಲ ಓದುವ ಮೊದಲು ಇದೇ ಮಾರಿಕಣಿವೆ ಪ್ರಶ್ನೆಯನ್ನು ನಿಮ್ಮ ಫೋನಿನ ಎಐಗೆ ಕನ್ನಡದಲ್ಲಿ ಕೇಳಿ, ಉತ್ತರವನ್ನು ಪ್ರೊಜೆಕ್ಟರಿನಲ್ಲಿ ಹಾಕಿ. ಪ್ರತಿ ಸಾಲಿಗೂ ಮಕ್ಕಳು ಸರಿ, ತಪ್ಪು, ಗೊತ್ತಿಲ್ಲ ಎಂದು ಗುರುತು ಹಾಕಿ, ಯಾವ ಆಧಾರದಿಂದ ಎಂದು ಹೇಳಲಿ. ಅದು ಅಷ್ಟು ಗಟ್ಟಿ ದನಿಯಲ್ಲಿ ತಪ್ಪು ಹೇಳಬಲ್ಲದು ಎಂಬುದು ಗೊತ್ತಾಗಲು ತಮ್ಮ ಊರಿನ ವಿಷಯಕ್ಕಿಂತ ಒಳ್ಳೆಯ ಪಾಠ ಇಲ್ಲ.

ಅಂಕದ ಪ್ರಶ್ನೆಗೆ ಬರೋಣ. ಇಲ್ಲಿ ನಿಮಗೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಶಾಲೆಗಳಲ್ಲಿ ಐಸಿಟಿಗೆ ಭಾರಿ ಹಣ ಸುರಿದ ದೇಶಗಳ ಪೀಸಾ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಪರೀಕ್ಷೆಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ ಎಂದು ಆ ಪರೀಕ್ಷೆ ನಡೆಸುವ ಒಇಸಿಡಿ ಸಂಸ್ಥೆಯೇ 2015ರಲ್ಲಿ ವರದಿ ಮಾಡಿತು. ಪೆರು ದೇಶದಲ್ಲಿ ಮಕ್ಕಳಿಗೊಂದು ಲ್ಯಾಪ್‌ಟಾಪ್ ಕೊಡುವ ದೊಡ್ಡ ಯೋಜನೆ ನಡೆಯಿತು. 319 ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಬಂತು. ಗಣಿತದಲ್ಲೂ ಭಾಷೆಯಲ್ಲೂ ಪರಿಣಾಮ ಏನೂ ಕಾಣಲಿಲ್ಲ. ಇದಕ್ಕೆ ಎದುರಾಗಿ ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶ ಬಳಸಿದ ಶಾಲಾ ನಂತರದ ಕೇಂದ್ರಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಏರಿಕೆ ಕಂಡಿತು. ವ್ಯತ್ಯಾಸ ಎಲ್ಲಿದೆ? ಪೆರುವಿನಲ್ಲಿ ಯಂತ್ರ ಬಂತು, ಪಾಠ ಹಾಗೇ ಉಳಿಯಿತು. ದೆಹಲಿಯಲ್ಲಿ ಎಂಟನೇ ತರಗತಿಯ ಮಗು ನಾಲ್ಕನೇ ತರಗತಿಯ ಲೆಕ್ಕದಲ್ಲಿ ನಿಂತಿದ್ದರೆ ಅಲ್ಲಿಂದಲೇ ಕಲಿಸುವ ಏರ್ಪಾಡಿತ್ತು.

ಕರ್ನಾಟಕಕ್ಕೆ ಈ ಪಾಠ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರಿನವರಿಗೆ. ಉಪಗ್ರಹ ಅಮೆರಿಕದಿಂದ ಎರವಲು ತಂದದ್ದು, ವರ್ಷ ಮುಗಿದ ಮೇಲೆ ಅವರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಟಿವಿ ಹೋದ ಮೇಲೂ ತರಗತಿಯಲ್ಲಿ ಉಳಿದವರು ಮೇಷ್ಟ್ರೇ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಪ್ರೊಜೆಕ್ಟರ್ ಹಾಕಿದ್ದಕ್ಕೆ ಅಂಕ ಬರುವುದಿಲ್ಲ. ಸರಣಿ ಜೋಡಣೆಯ ತಪ್ಪು ಕಲ್ಪನೆ ಹೋಗಿದ್ದಕ್ಕೆ ಅಂಕ ಬರುತ್ತದೆ. ಗೊತ್ತಾಗಬೇಕಾದರೆ ಅದೇ ಪ್ರಶ್ನೆಯನ್ನು ಮೂರು ವಾರ ಬಿಟ್ಟು, ಏನೂ ಹೇಳದೆ, ಮತ್ತೆ ಕೇಳಿ. ಎಷ್ಟು ಜನ ಸರಿ ಬರೆದರು ಎಂದು ಎಣಿಸಿ. ನಿಮ್ಮ ತರಗತಿಯ ಮಟ್ಟಿಗೆ ಅದೇ ದೊಡ್ಡ ಸಂಶೋಧನೆ.

ತರಬೇತಿಯಲ್ಲಿ ಸಾಮ್‌ರ್ ಎಂಬ ನಾಲ್ಕು ಮೆಟ್ಟಿಲಿನ ಚಿತ್ರವನ್ನೂ ತೋರಿಸಿರಬಹುದು. ರೂಬೆನ್ ಪುಯೆಂಟೆದುರಾ ಎಂಬುವರು ಮಾಡಿದ್ದು. ಹಳೆಯದರ ಬದಲಿಗೆ ಹೊಸ ಸಾಧನ ಇಡುವುದು ಮೊದಲ ಮೆಟ್ಟಿಲು, ಕೆಲಸವನ್ನೇ ಹೊಸದಾಗಿ ಕಲ್ಪಿಸುವುದು ಕೊನೆಯದು. ಪ್ರತಿ ಪಾಠವನ್ನೂ ಕೊನೆಯ ಮೆಟ್ಟಿಲಿಗೆ ಹತ್ತಿಸಬೇಕು ಎಂದು ಒದ್ದಾಡಬೇಡಿ. ಕೆಲವು ಪಾಠಕ್ಕೆ ಮೊದಲ ಮೆಟ್ಟಿಲು ಸಾಕು, ಕೆಲವಕ್ಕೆ ಕಪ್ಪು ಹಲಗೆಯೇ ಸಾಕು. ವರ್ಷಕ್ಕೆ ನಾಲ್ಕು ಪಾಠ ಹೀಗೆ ಮಾಡಿದರೆ ಬಹಳ ಆಯಿತು. ಅವನ್ನು ಹೇಗೂ ಮಾಡಿಸಬೇಕಾದ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳನ್ನಾಗಿ ಮಾಡಿಬಿಡಿ. ಬೇರೆ ಕೆಲಸ ಅಲ್ಲ, ಬೇರೆ ದಾಖಲೆಯೂ ಬೇಡ.

ಫೋಟೊ, ವಿಡಿಯೊ ವಿಷಯ. ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು, ಅದೂ ಪರಿಶೀಲಿಸಲು ಬರುವಂಥ ಒಪ್ಪಿಗೆ. ನಿಮ್ಮ 48 ಮಕ್ಕಳೂ ಇದರೊಳಗೆ ಬರುತ್ತಾರೆ. ಕಾನೂನು ಪಕ್ಕಕ್ಕಿಟ್ಟರೂ ಕೆಲವು ಮಾತು ಸಾಮಾನ್ಯ ಜ್ಞಾನದವು. ಚಟುವಟಿಕೆಯ ಫೋಟೊ ಬೇಕಿದ್ದರೆ ಕೈ, ನೋಟ್‌ಬುಕ್, ಸರ್ಕ್ಯೂಟ್ ಕಾಣುವಂತೆ ತೆಗೆಯಿರಿ, ಮುಖ ಬೇಡ. ಹೆಸರು, ಎಸ್‌ಎಟಿಎಸ್ ಸಂಖ್ಯೆ (ಇಲಾಖೆ ಪ್ರತಿ ಮಗುವಿಗೂ ಕೊಡುವ ಗುರುತಿನ ಸಂಖ್ಯೆ) ಇರುವ ಹಾಳೆ ಚೌಕಟ್ಟಿನೊಳಗೆ ಬಂದಿದೆಯೇ ಎಂದು ಎರಡು ಸಲ ನೋಡಿ. ಅಂಕಪಟ್ಟಿಯ ಫೋಟೊವನ್ನು ಪೋಷಕರ ಗ್ರೂಪಿಗೆ ಹಾಕುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಕಡಿಮೆ ಅಂಕ ತೆಗೆದ ಹುಡುಗಿಯ ಹೆಸರು ಊರಿಗೆಲ್ಲ ಗೊತ್ತಾಗುವುದು ಯಾವ ಮಾನದಂಡಕ್ಕೂ ಒಪ್ಪುವುದಿಲ್ಲ. ಹೊಸ ಆ್ಯಪ್‌ಗೆ ಮಕ್ಕಳ ಫೋನ್ ನಂಬರ್ ಕೊಟ್ಟು ಖಾತೆ ತೆರೆಸಬೇಡಿ. ಖಾತೆ ಇಲ್ಲದೆ ನಡೆಯುವ ಸಾಧನ ಬೇಕಾದಷ್ಟಿವೆ. ಫೆಟ್ ಹಾಗೆಯೇ, ಜಿಯೊಜೀಬ್ರಾ ಎಂಬ ಗಣಿತದ ತಂತ್ರಾಂಶವನ್ನೂ ಖಾತೆ ಇಲ್ಲದೆ ಬಳಸಬಹುದು.

ಇನ್ನೊಂದು. ಮನೆಗೆಲಸವನ್ನು ಗ್ರೂಪಿನಲ್ಲಿ ಹಾಕುವಾಗ ಆ ಫೋನು ಯಾರ ಜೇಬಿನಲ್ಲಿದೆ ಎಂದು ಯೋಚಿಸಿ. ಅಪ್ಪ ಲಾರಿಯ ಜೊತೆ ಹುಬ್ಬಳ್ಳಿಗೆ ಹೋಗಿದ್ದರೆ ಆ ಮಗುವಿನ ಮನೆಗೆಲಸವೂ ಹುಬ್ಬಳ್ಳಿಗೆ ಹೋಗಿರುತ್ತದೆ. ಬೋರ್ಡಿನ ಮೇಲೂ ಬರೆಯಿರಿ.

ಈಗ ಆ ಕಾಲಂ. ಸಾಮಾನ್ಯವಾಗಿ ಅಲ್ಲಿ 'ಪ್ರೊಜೆಕ್ಟರ್ ಮೂಲಕ ವಿದ್ಯುತ್ ಮಂಡಲದ ವಿಡಿಯೊ ತೋರಿಸಲಾಯಿತು' ಎಂದಿರುತ್ತದೆ. ಅದರಲ್ಲಿ ಮಗುವೇ ಇಲ್ಲ. ಬದಲಿಗೆ ಹೀಗೆ ಬರೆಯಿರಿ: 'ಸರಣಿ ಜೋಡಣೆಯಲ್ಲಿ ಪ್ರವಾಹ ಎಷ್ಟಿರುತ್ತದೆಂದು ಮಕ್ಕಳು ಊಹಿಸಿ ಬರೆಯುವರು, ಸಿಮ್ಯುಲೇಷನ್‌ನಲ್ಲಿ ಅಳೆದು ಕೋಷ್ಟಕ ಮಾಡುವರು, ಊಹೆಗೂ ಅಳತೆಗೂ ಇರುವ ವ್ಯತ್ಯಾಸಕ್ಕೆ ಕಾರಣ ಬರೆಯುವರು.' ಅದರ ಕೆಳಗೆ ಮಾನದಂಡದ ಹೆಸರು ಒಂದು ಸಾಲು. ನೀವು 5ಇ ಎಂಬ ಐದು ಹಂತಗಳ ಮಾದರಿಯಲ್ಲಿ ಪಾಠ ಯೋಜನೆ ಬರೆಯುವವರಾದರೆ ಊಹೆ ತೊಡಗಿಸಿಕೊಳ್ಳುವ ಹಂತಕ್ಕೆ, ಅಳತೆ ಪರಿಶೋಧನೆಗೆ, ಕಾರಣ ವಿವರಣೆಗೆ ತಾನಾಗಿಯೇ ಕೂರುತ್ತದೆ. ಬಿಇಒ ಕಚೇರಿಯಿಂದಲೋ ಡಯಟ್‌ನಿಂದಲೋ ಯಾರಾದರೂ ಬಂದು ಸಾಕ್ಷಿ ಕೇಳಿದರೆ ಫೋಟೊ ತೋರಿಸಬೇಡಿ, ನಾಲ್ಕು ನೋಟ್‌ಬುಕ್ ತೆಗೆದು ಮುಂದಿಡಿ. ಅದರಲ್ಲಿ ಒಂದು, ಪೆನ್ನಿನಲ್ಲಿ ಬರೆದ ತಪ್ಪು ಊಹೆ ಹಾಗೇ ಉಳಿದಿರುವ ನೋಟ್‌ಬುಕ್ ಆಗಿರಲಿ.